ಕೊಬ್ಬರಿ ಬಿದ್ದ ವರ್ಷ ಆಪರೇಷನ್‌ಗಳು ಎಲ್ಲಿ ಹೋದವು?

ಮಾತಾಡುತ್ತಿರುವವರು ಇಬ್ಬರು. ಒಬ್ಬರು ತಿಪಟೂರು ಎಪಿಎಂಸಿಯ ದಲ್ಲಾಳಿ ಮಂಡಿಯೊಂದರಲ್ಲಿ ಬಹುಕಾಲ ಲೆಕ್ಕ ಬರೆದವರು. ತುರುವೇಕೆರೆ ಕಡೆ ಅವರಿಗೊಂದು ಸಣ್ಣ ತೋಟವೂ ಇದೆ. ಇನ್ನೊಬ್ಬರು ಅವರ ಅಕ್ಕನ ಮಗಳು, ಇದೇ ಸೀಮೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯೆ.

ವೈದ್ಯೆ: ಮಾವ, ಬಹಳ ದಿನದಿಂದ ನಿಮ್ಮನ್ನೇ ಕೇಳಬೇಕು ಅಂತಿದ್ದೆ. 2023ರಲ್ಲಿ ಕೊಬ್ಬರಿ ರೇಟು ಬಿತ್ತಲ್ಲ, ಆ ವರ್ಷ ನಮ್ಮ ಆಪರೇಷನ್ ಥಿಯೇಟರ್ ಖಾಲಿ ಬೀಳಲಿಲ್ಲ. ಆದ್ರೆ ಒಳಗೆ ಬರೋರ ಬಗೆಯೇ ಬದಲಾಯ್ತು. ಹರ್ನಿಯಾಕ್ಕೋ ಪಿತ್ತಕೋಶದ ಕಲ್ಲಿಗೋ ದಿನ ಗೊತ್ತು ಮಾಡಿಸ್ಕೊಂಡು ಹೋದೋರು ಹೇಳಿದ ದಿನ ಬರ್ತಿರಲಿಲ್ಲ. ಮೊದಲೆಲ್ಲ ಖಾಸಗಿ ನರ್ಸಿಂಗ್ ಹೋಮಿಗೆ ಹೋಗ್ತಿದ್ದ ತೋಟದ ಮನೆಯೋರು ನಮ್ಮ ಸಾಲಲ್ಲಿ ನಿಂತರು. ರಾತ್ರಿ ಹೊತ್ತು ತುರ್ತು ಅಂತ ಬರೋರು ಹೆಚ್ಚಾದ್ರು. ಇದು ನನ್ನ ಕಣ್ಣಿಗೆ ಕಂಡಿದ್ದು, ಕೂತು ಲೆಕ್ಕ ಹಾಕಿದ್ದಲ್ಲ. ನೀವು ಆ ಕಡೆಯಿಂದ ನೋಡಿದೋರು, ಹೇಳಿ.

ಮಾವ: ನೀನು ಕೇಳೋದಕ್ಕೆ ಉತ್ತರ ಮಂಡಿ ಖಾತೆಯಲ್ಲಿದೆ ಕಣಮ್ಮ. ರೈತ ಮಂಡಿಗೆ ಬರೋದು ಕೊಬ್ಬರಿ ಹಾಕೋಕೆ ಮಾತ್ರ ಅಲ್ಲ, ಮುಂಗಡ ಕೇಳೋಕೂ ಬರ್ತಾನೆ. ಮದುವೆ, ಬೋರ್‌ವೆಲ್, ಕಾಲೇಜು ಫೀಸು, ಆಸ್ಪತ್ರೆ. ಕ್ವಿಂಟಲ್ 17 ಸಾವಿರ ದಾಟಿದ್ದ ಕಾಲದಲ್ಲಿ 'ಆಪರೇಷನ್‌ಗೆ ಅಣ್ಣಾ, ಮೂವತ್ತು ಸಾವಿರ ಬೇಕು' ಅಂದ್ರೆ ಸಾಹುಕಾರ ಹಿಂದುಮುಂದು ನೋಡ್ತಿರಲಿಲ್ಲ. ಅವನ ಅಟ್ಟದ ಮೇಲೆ ಎಷ್ಟು ಕಾಯಿ ಬಿದ್ದಿದೆ ಅನ್ನೋದು ನಮಗೆ ಗೊತ್ತಿರುತ್ತೆ. ಎರಡೇ ವರ್ಷಕ್ಕೆ ಅದೇ ಕೊಬ್ಬರಿ 8 ಸಾವಿರಕ್ಕೂ ಕೆಳಗೆ ಬಂತು. ಆಗ ಕೇಳೋನಿಗೂ ಧೈರ್ಯ ಇಲ್ಲ, ಕೊಡೋನಿಗೂ ಮನಸ್ಸಿಲ್ಲ.

ವೈದ್ಯೆ: ಅದನ್ನ ಕೊಬ್ಬರಿ ಲೆಕ್ಕದಲ್ಲೇ ಹೇಳಬಹುದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ದೇಶದಲ್ಲಿ ಖಾಸಗಿ ಆಸ್ಪತ್ರೆಗೆ ಒಂದು ಸಲ ಸೇರಿ ಬಂದ್ರೆ ಸರಾಸರಿ 31,845 ರೂಪಾಯಿ ಖರ್ಚು, ಸರ್ಕಾರಿ ಆಸ್ಪತ್ರೆಯಲ್ಲಿ 4,452.

ಮಾವ: ಅಂದ್ರೆ 17 ಸಾವಿರದ ರೇಟಿನಲ್ಲಿ ಎರಡು ಕ್ವಿಂಟಲ್ ಸಾಕು. 8 ಸಾವಿರಕ್ಕಾದ್ರೆ ನಾಲ್ಕು. ಎರಡು ಎಕರೆ ತೋಟದೋನಿಗೆ ನಾಲ್ಕು ಕ್ವಿಂಟಲ್ ಅಂದ್ರೆ ಹುಡುಗಾಟ ಅಲ್ಲ. ಗೊಬ್ಬರ, ಉಳುಮೆ, ಕೀಳೋ ಕೂಲಿ, ಸುಲಿಯೋ ಕೂಲಿ ಎಲ್ಲಾ ಮೊದಲಿನಷ್ಟೇ ಇರುತ್ತೆ, ಇಳಿಯಲ್ಲ. ಅದನ್ನೆಲ್ಲ ಕಳೆದ ಮೇಲೆ ಉಳಿಯೋದರಲ್ಲಿ ತಾನೇ ಆಸ್ಪತ್ರೆ? ರೇಟು ಅರ್ಧ ಆದ್ರೆ ಕೈಗೆ ಉಳಿಯೋದು ಅರ್ಧ ಆಗಲ್ಲ, ಹೆಚ್ಚುಕಮ್ಮಿ ಏನೂ ಇಲ್ಲದ ಹಾಗೆ ಆಗುತ್ತೆ.

ವೈದ್ಯೆ: ಆದ್ರೆ ನಮ್ಮಲ್ಲಿ ದುಡ್ಡು ಹೆಚ್ಚೇನೂ ಕಟ್ಟಬೇಕಾಗಿಲ್ಲವಲ್ಲ. ಆದ್ರೂ ಯಾಕೆ ಬರಲಿಲ್ಲ?

ಮಾವ: ಅದು ಉಂಡೆ ಕೊಬ್ಬರಿ ಸೀಮೆಯ ಗುಣ. ತರಕಾರಿಯಂಥ ಬೆಳೆ ಆದ್ರೆ ಕೊಯ್ದ ತಕ್ಷಣ ಮಾರಲೇಬೇಕು. ಟೊಮೆಟೊ ಬೆಳೆದೋನು ಅವತ್ತೇ ಅಳ್ತಾನೋ ನಗ್ತಾನೋ ತೀರ್ಮಾನ ಆಗುತ್ತೆ. ನಮ್ಮದು ಹಾಗಲ್ಲ. ಬಲಿತ ಕಾಯಿ ಕಿತ್ತು ಅಟ್ಟಕ್ಕೆ ಹಾಕಿದ್ರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಗಿಟಕಾಗೋಕೆ ಎಂಟರಿಂದ ಹನ್ನೆರಡು ತಿಂಗಳು. ಆಮೇಲೂ ಸುಲಿಸದೆ ಸ್ವಲ್ಪ ದಿನ ಇಡಬಹುದು. ಹಾಗಾಗಿ ರೇಟು ಬಿದ್ದಾಗ ನಮ್ಮ ರೈತ ಮಾಡೋ ಮೊದಲ ಕೆಲಸ ಕಾಯೋದು. ಮುಂದಿನ ವಾರ ಏರಬಹುದು, ದೀಪಾವಳಿಗೆ ಉತ್ತರ ಭಾರತದೋರು ಕೊಳ್ಳಬಹುದು, ಬೆಂಬಲ ಬೆಲೆಗೆ ನಾಫೆಡ್ ಖರೀದಿ ಶುರು ಆಗಬಹುದು. 2023ರಲ್ಲಿ ಬೆಂಬಲ ಬೆಲೆ 11,750 ಇತ್ತು, ಪೇಟೆಯಲ್ಲಿ 8 ಸಾವಿರ ಕೂಡ ಇರಲಿಲ್ಲ. ಯಾರು ತಾನೇ ಮಾರ್ತಾರೆ? 2024ರ ಶುರುವಲ್ಲಿ ನಾಫೆಡ್‌ಗೆ ಹೆಸರು ಬರೆಸೋಕೆ ಎಪಿಎಂಸಿ ಮುಂದೆ ರಾತ್ರಿಯೆಲ್ಲ ಸಾಲು ನಿಂತಿದ್ದು ನೆನಪಿದೆಯಲ್ಲ? ಅಟ್ಟದಲ್ಲಿ ಕೊಬ್ಬರಿ ಇದೆ, ಕೈಯಲ್ಲಿ ಕಾಸಿಲ್ಲ. ಹಾಗೆ ಮನೆಯಲ್ಲಿ ಎಲ್ಲವೂ ಕೊಬ್ಬರಿ ಜೊತೆ ಕಾಯೋಕೆ ಶುರು ಮಾಡುತ್ತೆ. ಗೋಡೆ ಸುಣ್ಣ ಕಾಯುತ್ತೆ, ಮಗನ ಮದುವೆ ಕಾಯುತ್ತೆ, ಹರ್ನಿಯಾನೂ ಕಾಯಲಿ ಬಿಡು ಅಂತಾರೆ. ಬಡತನದಿಂದ ಬಿಟ್ಟರು ಅಂತ ನೀವು ತಿಳ್ಕೊಳ್ತೀರಿ. ಅವರು ಬಿಟ್ಟಿಲ್ಲ ಕಣಮ್ಮ, ಮುಂದಕ್ಕೆ ಹಾಕಿದ್ದಾರೆ.

ವೈದ್ಯೆ: ಮುಂದಕ್ಕೆ ಹಾಕಿದ್ದು ನನ್ನ ಟೇಬಲ್ ಮೇಲೆ ಏನಾಗಿ ಬರುತ್ತೆ ಹೇಳ್ತೀನಿ ಕೇಳಿ. ಹರ್ನಿಯಾ ಇದೆ, ಮಲಗಿದ್ರೆ ಒಳಗೆ ಹೋಗುತ್ತೆ, ನೋವಿಲ್ಲ. ಆಗ ಬಂದ್ರೆ ಜಾಲರಿ ಇಟ್ಟು ಹೊಲೀತೀವಿ, ಒಂದೆರಡು ದಿನಕ್ಕೆ ಮನೆ. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸೋ ಇಂಜೆಕ್ಷನ್ ಸಾಕು, ಅರವತ್ತೈದು ವಯಸ್ಸಿನೋರಿಗೂ ಭಯ ಕಡಿಮೆ. ಅದೇ ಒಂದು ದಿನ ಕಾಯಿ ಮೂಟೆ ಎತ್ತುವಾಗ ಕರುಳು ಹೊರಬಂದು ಸಿಕ್ಕಿಹಾಕ್ಕೊಳ್ಳುತ್ತೆ. ಹಾಗೆ ಸಿಕ್ಕಿದ ಕರುಳಿಗೆ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತೆ. ಆಗ ಹೊಟ್ಟೆ ತೆರೆದು, ಕೊಳೆತ ಕರುಳು ಕತ್ತರಿಸಿ ಜೋಡಿಸಬೇಕು. ಪೂರ್ತಿ ಅರಿವಳಿಕೆ, ರಕ್ತ, ಐಸಿಯು. ಇಲ್ಲಿ ಆಗದಿದ್ರೆ ಆಂಬುಲೆನ್ಸಿನಲ್ಲಿ ತುಮಕೂರು, ಇಲ್ಲ ಹಾಸನ, ತುರುವೇಕೆರೆ ಕಡೆಯೋರಾದ್ರೆ ಬೆಳ್ಳೂರು. ದಾರಿಯಲ್ಲಿ ಕಳೆಯೋ ಒಂದೊಂದು ಗಂಟೆಗೂ ಕರುಳು ಇನ್ನಷ್ಟು ಕೆಡುತ್ತೆ. ಪಿತ್ತಕೋಶದ ಕಲ್ಲೂ ಹಾಗೇ. ಸುಮ್ಮನಿದ್ದ ಕಲ್ಲು ಜಾರಿ ನಾಳಕ್ಕೆ ಅಡ್ಡ ಬಂದ್ರೆ ಕಾಮಾಲೆ, ಮೇದೋಜೀರಕ ಗ್ರಂಥಿಗೆ ಉರಿಯೂತ. ಸಕ್ಕರೆ ಕಾಯಿಲೆಯೋರ ಕಾಲಿನ ಹುಣ್ಣಂತೂ ಬೆರಳಲ್ಲಿ ಮುಗಿಯಬೇಕಾದ್ದು ಮೊಣಕಾಲ ಕೆಳಗಿನ ತನಕ ಹೋಗುತ್ತೆ. ಕೊಬ್ಬರಿ ಕಾಯೋಕೆ ಒಂದು ಅವಧಿ ಇದೆ ಅಂದ್ರಲ್ಲ, ಇವಕ್ಕೆ ಅಂಥ ಅವಧಿ ಇಲ್ಲ.

ಮಾವ: ಹಾಗೆ ಆದವನು ಮಾರನೇ ದಿನ ಬಂದು ಸಿಕ್ಕ ರೇಟಿಗೆ ಪೂರ್ತಿ ಕೊಬ್ಬರಿ ಸುರಿದು ಹೋಗ್ತಾನೆ. ಆರು ತಿಂಗಳು ಕಾದು, ಅತಿ ಕಡಿಮೆ ರೇಟಿನ ವಾರದಲ್ಲೇ ಮಾರೋದು. ಪಟ್ಟಿ ಬರೀವಾಗ ನಾನು ಮುಖ ನೋಡ್ತಿರಲಿಲ್ಲ. ಅದೂ ಸಾಲದೆ ಹೆಂಡತಿ ಸರ ಅಡ ಇಡೋದು, ಸಂಘದಲ್ಲಿ ಸಾಲ, ಫೈನಾನ್ಸಿನೋರ ಹತ್ರ ಸಾಲ.

ವೈದ್ಯೆ: ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಖ್ಯೆ ಇದೆ. ಹಳ್ಳಿಗಳಲ್ಲಿ ಆಸ್ಪತ್ರೆ ಖರ್ಚಿಗೆ ಶೇ 80ರಷ್ಟು ಮನೆಗಳು ಆದಾಯ ಉಳಿತಾಯವನ್ನೇ ಮುಖ್ಯವಾಗಿ ನೆಚ್ಚಿಕೊಂಡಿದ್ರೆ, ಸುಮಾರು ಶೇ 13 ಮನೆಗಳು ಸಾಲವನ್ನ. ಉಳಿತಾಯ ಅಂದ್ರೆ ನಮ್ಮ ಕಡೆ ಅಟ್ಟ. ಅಟ್ಟದ ಬೆಲೆ ಅರ್ಧಕ್ಕೆ ಇಳಿದ ವರ್ಷ ಎಷ್ಟು ಮನೆ ಮೊದಲನೇ ಸಾಲಿಂದ ಎರಡನೇ ಸಾಲಿಗೆ ಜಾರಿರಬಹುದು ಅಂತ ಯೋಚನೆ ಬರುತ್ತೆ.

ಮಾವ: ಬೇರೆ ದೇಶದಲ್ಲೂ ಹೀಗೇನಾ? 2008ರಲ್ಲಿ ಅಮೆರಿಕದಲ್ಲಿ ಬ್ಯಾಂಕು ಮುಳುಗಿದಾಗ ಅಲ್ಲಿನೋರು ಆಪರೇಷನ್ ಮುಂದಕ್ಕೆ ಹಾಕಿದ್ರಾ?

ವೈದ್ಯೆ: ಹಾಕಿದ್ರು, ಆದ್ರೆ ಎಲ್ಲವನ್ನೂ ಅಲ್ಲ. ಇದರಲ್ಲೇ ನಮಗೆ ಪಾಠ ಇರೋದು. ಅಂದ ಹೆಚ್ಚಿಸೋ ಆಪರೇಷನ್‌ಗಳು ಇಳಿದವು, ಅವಕ್ಕೆ ಸ್ವಂತ ಜೇಬು ತಾನೇ. ಆ ಬಿಕ್ಕಟ್ಟಿನ ಕಾಲದಲ್ಲಿ ಹಲವು ದೇಶಗಳಲ್ಲಿ ಒಂದು ಸಮೀಕ್ಷೆ ಆಯ್ತು. ಅಮೆರಿಕದಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮಾಮೂಲಿ ವೈದ್ಯಕೀಯ ಖರ್ಚು ಕಡಿಮೆ ಮಾಡಿದ್ವಿ ಅಂದ್ರು. ಬ್ರಿಟನ್‌ನಲ್ಲಿ ಹಾಗಂದೋರು ಹತ್ತರಲ್ಲಿ ಒಬ್ಬರೂ ಇಲ್ಲ. ಅಲ್ಲಿ ಆಸ್ಪತ್ರೆ ಬಾಗಿಲಲ್ಲಿ ದುಡ್ಡು ಕೇಳಲ್ಲ. ಇನ್ನೊಂದು ವಿಚಿತ್ರ. ಸೊಂಟದ ಕೀಲು, ಮೊಣಕಾಲ ಕೀಲು ಬದಲಾಯಿಸೋ ಆಪರೇಷನ್ ಅಮೆರಿಕದಲ್ಲಿ ಆ ವರ್ಷಗಳಲ್ಲಿ ಇಳಿಯಲೇ ಇಲ್ಲ, ಮೊದಲಿನ ಹಾಗೇ ಏರ್ತಾ ಹೋಯ್ತು ಅಂತ 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ. ಮೊಣಕಾಲು ಆಪರೇಷನ್‌ಗಿಂತ ಮುಂದಕ್ಕೆ ಹಾಕಬಹುದಾದ್ದು ಯಾವುದಿದೆ? ಆದ್ರೂ ಹಾಕಲಿಲ್ಲ. ನನಗೆ ಕಾಣೋ ಕಾರಣ ಇಷ್ಟೇ: ಅದನ್ನ ಮಾಡಿಸ್ಕೊಳ್ಳೋರಲ್ಲಿ ಬಹಳ ಮಂದಿ 65 ದಾಟಿದೋರು, ಅವರ ಬಿಲ್ಲು ಕಟ್ಟೋದು ಸರ್ಕಾರದ ಮೆಡಿಕೇರ್. ಷೇರುಪೇಟೆ ಬಿದ್ರೆ ಮೆಡಿಕೇರ್ ಬೀಳಲ್ಲ.

ಮಾವ: ಅಂದ್ರೆ ಪೇಟೆ ಬಿದ್ರೂ ಬೀಳದ ಕೈಯೊಂದು ಬಿಲ್ಲು ಕಟ್ಟಬೇಕು. ಅದು ನಮ್ಮಲ್ಲೂ ಇತ್ತಲ್ಲಮ್ಮ, ಯಶಸ್ವಿನಿ.

ವೈದ್ಯೆ: ನೀವೇ ಹೇಳಿ, ನಾನಾಗ ಶಾಲೆಯಲ್ಲಿದ್ದೆ.

ಮಾವ: ನಮ್ಮ ಸೀಮೆ ಅವತ್ತು ಇದ್ದ ಸ್ಥಿತಿ ನೆನೆದರೆ ಈಗಲೂ ಹೊಟ್ಟೆ ತೊಳಸುತ್ತೆ. 1998ರಲ್ಲಿ ಕೇರಳದಲ್ಲಿ ಕಾಣಿಸ್ಕೊಂಡ ನುಸಿ ಪೀಡೆ ಇಲ್ಲಿಗೂ ಬಂದು, ಕಾಯಿ ಸಣ್ಣಗಾಗಿ, ಮೈಯೆಲ್ಲ ಬಿರುಕು ಬಿಟ್ಟು, ಗೊನೆಗೊನೆಯೇ ಉದುರ್ತಿತ್ತು. ಅದರ ಮೇಲೆ 2001ರಿಂದ ಸಾಲುಸಾಲು ಬರ. ಬೋರ್‌ವೆಲ್ ಒಣಗಿ ಸುಳಿ ಬಾಗಿದ ಮರಗಳನ್ನ ಇಟ್ಟಿಗೆ ಗೂಡಿಗೆ ಮಾರಿದೋರಿದ್ರು. ಅಂಥ ಹೊತ್ತಲ್ಲಿ, 2003ರ ಜೂನ್‌ನಲ್ಲಿ ಯಶಸ್ವಿನಿ ಜಾರಿಗೆ ಬಂತು. ಎಸ್.ಎಂ. ಕೃಷ್ಣ ಅವರ ಸರ್ಕಾರ, ಡಾ. ದೇವಿ ಶೆಟ್ಟಿ ಅವರ ಯೋಚನೆ. ಸಹಕಾರ ಸಂಘದ ಸದಸ್ಯನಾದ್ರೆ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಮೊದಲನೇ ವರ್ಷವೇ ರಾಜ್ಯದಲ್ಲಿ ಸುಮಾರು 16 ಲಕ್ಷ ಜನ ಸೇರಿದ್ರು. ನಮ್ಮ ಹಾಲಿನ ಡೇರಿ ಸೆಕ್ರೆಟರಿ ಮನೆಮನೆಗೆ ಹೋಗಿ ಬರೆಸಿದ್ದ. ಜನ ನಂಬಿರಲಿಲ್ಲ. ಅರವತ್ತು ರೂಪಾಯಿಗೆ ಹಾರ್ಟ್ ಆಪರೇಷನ್ನಾ ಅಂತಿದ್ರು.

ವೈದ್ಯೆ: ಅದು ಮೂಲತಃ ಆಪರೇಷನ್‌ಗಾಗಿಯೇ ಮಾಡಿದ ವಿಮೆ, ಮಾವ. ಜ್ವರ ಕೆಮ್ಮಿಗೆ ಅಲ್ಲ. ಸುಮಾರು 1,600 ಬಗೆಯ ಶಸ್ತ್ರಚಿಕಿತ್ಸೆಗೆ ಮೊದಲೇ ದರ ಗೊತ್ತು ಮಾಡಿ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡ್ಕೊಂಡಿದ್ರು. ಬಹಳ ಜನಕ್ಕೆ ಬಾರದ, ಆದ್ರೆ ಬಂದ ಮನೆಯನ್ನ ಮುಳುಗಿಸೋ ಖರ್ಚು ಅದು, ಅದನ್ನೇ ಎಲ್ಲರ ಮೇಲೆ ಹಂಚಿದ್ರು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸದಸ್ಯರನ್ನ ಸದಸ್ಯರಲ್ಲದೋರ ಜೊತೆ ಹೋಲಿಸಿ ನೋಡಿತು. ಸದಸ್ಯರು ಚಿಕಿತ್ಸೆಗೆ ಹೆಚ್ಚು ಹೋಗ್ತಿದ್ರು, ಅದಕ್ಕಾಗಿ ಮಾಡೋ ಸಾಲ ಕಡಿಮೆಯಾಗಿತ್ತು. ಬರ ಇದ್ರೂ, ನುಸಿ ಇದ್ರೂ ಆಪರೇಷನ್ ನಡೀತು ಅಂದ್ರೆ ಇದರಿಂದ.

ಮಾವ: ಆದ್ರೆ ಚಂದಾ 60ರಿಂದ 120 ಆದಾಗ ಸದಸ್ಯರು ಇಳಿದ್ರು, ಅದನ್ನೂ ಹೇಳು. ನಿಮಗೆ ಅರವತ್ತು ರೂಪಾಯಿ ದೊಡ್ಡದಲ್ಲ. ಮನೆಯಲ್ಲಿ ಆರು ಜನ ಇದ್ದು, ಯಾರಿಗೂ ಏನೂ ಆಗಿಲ್ಲ ಅಂದ್ರೆ ಕೈಬಿಗಿ ವರ್ಷದಲ್ಲಿ ಮೊದಲು ನಿಲ್ಲೋದು ಅದೇ. ಯಾವ ವರ್ಷ ವಿಮೆ ಅತ್ಯಗತ್ಯವೋ ಅದೇ ವರ್ಷ ಅದನ್ನ ಕೈಬಿಡ್ತಾರೆ. ಇದನ್ನ ಯೋಜನೆ ಮಾಡೋರು ಯಾವತ್ತೂ ಸರಿಯಾಗಿ ಕಂಡಿಲ್ಲ.

ವೈದ್ಯೆ: 2018ರಲ್ಲಿ ಅದನ್ನ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿದ್ರಲ್ಲ, ಅಲ್ಲಿ ನಮ್ಮ ತೋಟದೋರಿಗೆ ನಿಜವಾದ ಪೆಟ್ಟು ಬಿತ್ತು. ಬಿಪಿಎಲ್ ಕಾರ್ಡಿನೋರಿಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಅದು ದೊಡ್ಡದೇ. ಎಪಿಎಲ್ ಅಂದ್ರೆ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ನಾಲ್ಕೆಕರೆ ತೆಂಗಿನ ತೋಟ ಇರೋನು ಕಾಗದದ ಮೇಲೆ ಬಡವ ಅಲ್ಲ. 8 ಸಾವಿರದ ರೇಟಿನಲ್ಲಿ ಅವನ ಸ್ಥಿತಿ ಏನು ಅಂತ ಕಾರ್ಡಿಗೆ ಗೊತ್ತಾಗಲ್ಲ. ಕಾರ್ಡಿನ ಬಣ್ಣ ಬದಲಾಗೋಕೆ ವರ್ಷಗಳು ಬೇಕು, ಕೊಬ್ಬರಿ ರೇಟು ವಾರಕ್ಕೆರಡು ಸಲ ಬದಲಾಗುತ್ತೆ. ಯಶಸ್ವಿನಿ ಮತ್ತೆ ಬಂದಿದ್ದು 2023ರ ಜನವರಿಯಿಂದ. ಹಳ್ಳಿಯ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ. ಒಳ್ಳೇ ಕಾಲಕ್ಕೇ ಬಂತು, ರೇಟು ಬೀಳ್ತಿದ್ದ ಕಾಲಕ್ಕೆ. ಆದ್ರೆ ನಡುವಿನ ನಾಲ್ಕೂವರೆ ವರ್ಷದಲ್ಲಿ ಜನಕ್ಕೆ ಅಭ್ಯಾಸ ತಪ್ಪಿಹೋಗಿತ್ತು.

ಮಾವ: ಚಿಪ್ಪು ಬಿಡಿಸೋ ಹೆಂಗಸರ ವಿಚಾರ ಬೇರೆ. ಅವರಲ್ಲಿ ಬಹಳ ಜನರ ಹತ್ರ ಬಿಪಿಎಲ್ ಕಾರ್ಡಿದೆ. ರೈತ ಕೊಬ್ಬರಿ ಸುಲಿಸದೆ ಕೂತರೆ ಅವರಿಗೆ ಅವತ್ತಿನ ಕೂಲಿ ಹೋಯ್ತು. ಆಗಲಾದ್ರೂ, ಹೇಗೂ ಕೆಲಸ ಇಲ್ಲ, ಬಂದು ಮಾಡಿಸ್ಕೊಳ್ಳಬಹುದಲ್ಲ?

ವೈದ್ಯೆ: ಕೆಲವರು ಬರ್ತಾರೆ, ಅದು ನಿಜ. ಕಣ್ಣಿನ ಪೊರೆಗೆ ಕೆಲಸ ಕಮ್ಮಿ ಇದ್ದಾಗಲೇ ಹೆಚ್ಚು ಜನ. ಪುಕ್ಕಟೆ ಮಾಡಿ, ಹತ್ತಿರದಲ್ಲಿ ಮಾಡಿದ್ರೆ ಜನ ಎಷ್ಟು ಬರ್ತಾರೆ ಅನ್ನೋದನ್ನ ಡಾ. ಎಂ.ಸಿ. ಮೋದಿ ಅವರ ಶಿಬಿರಗಳೇ ತೋರಿಸಿದ್ವು, ಊರೂರಿಗೆ ಹೋಗಿ ಲಕ್ಷಗಟ್ಟಲೆ ಕಣ್ಣಿಗೆ ಆಪರೇಷನ್ ಮಾಡಿದೋರು. ಮಂದಿಗೆ ಬೇಡವಾಗಿರಲಿಲ್ಲ, ಕೈಗೆಟುಕ್ತಿರಲಿಲ್ಲ. ಹಿಂಜರಿತದಲ್ಲಿ ಜೇಬಿನಿಂದ ಕೊಡೋ ಆಪರೇಷನ್ ಇಳಿಯುತ್ತೆ, ಪುಕ್ಕಟೆ ಆಪರೇಷನ್‌ಗೆ ಸಾಲು ಬೆಳೆಯುತ್ತೆ, ಎರಡೂ ಒಂದೇ ಊರಲ್ಲಿ. ಆದ್ರೆ ಪೊರೆ ಆದ್ರೆ ಅದೇ ದಿನ ಮನೆ. ಗರ್ಭಕೋಶ ಜಾರಿದೋರ ವಿಷಯ ಹಾಗಲ್ಲ ಮಾವ. ಮಾಡಿದ ಮೇಲೆ ಮೂರು ತಿಂಗಳು ಭಾರ ಎತ್ತಬಾರದು ಅಂತೀವಿ. ಕೊಡಪಾನ ಎತ್ತಬಾರದು, ಹಸುವಿಗೆ ಹುಲ್ಲಿನ ಹೊರೆ ತರಬಾರದು. ಯಾರ ಮನೆಯಲ್ಲಿ ಆಗುತ್ತೆ? ಕೆಮ್ಮಿದ್ರೆ, ಕೂತ್ರೆ, ಮೂತ್ರಕ್ಕೆ ಹೋದ್ರೆ ಹಿಂಸೆ. ಆದ್ರೂ ವರ್ಷಾನುಗಟ್ಟಲೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡ್ತಾರೆ. ರಿಂಗ್ ಹಾಕಿ ಕಳಿಸ್ತೀವಿ, ಅದನ್ನ ತೊಳೆದು ಬದಲಾಯಿಸೋಕೂ ಬರಲ್ಲ. ಮನೆಯಲ್ಲಿ ದುಡ್ಡು ಬಂದಾಗ ಮೊದಲ ಸರದಿ ಗಂಡಸಿನ ಹರ್ನಿಯಾಕ್ಕೆ. ಇವಳದ್ದು ಯಾವತ್ತೂ ತುರ್ತು ಆಗಲ್ಲ, ಸಾಯಿಸಲ್ಲ, ಅದಕ್ಕೇ ಇವಳ ಸರದಿ ಬರೋದೇ ಇಲ್ಲ. ನನಗೆ ಕೋಪ ಬರೋದು ಇಲ್ಲಿ.

ಮಾವ: ನಿನ್ನ ಅಜ್ಜಿಯೂ ಹಾಗೇ ಇದ್ದಳು. ನಮಗೆ ಯಾರಿಗೂ ಹೇಳಿರಲಿಲ್ಲ.

ವೈದ್ಯೆ: ಅಮ್ಮ ಹೇಳಿದ್ದಾಳೆ.

ಮಾವ: 2025ರಲ್ಲಿ ರೇಟು 25 ಸಾವಿರ ದಾಟಿತು. ಆಗ ನಿಮ್ಮಲ್ಲಿ ಏನಾಯ್ತು? ಬಾಕಿ ಇದ್ದೋರೆಲ್ಲ ಬಂದ್ರಾ?

ವೈದ್ಯೆ: ಬಂದೋರು ಬಂದ್ರು. ನಿಮಗೇ ಗೊತ್ತಲ್ಲ, ಆಗ ರೇಟಿತ್ತು, ಕಾಯಿ ಇರಲಿಲ್ಲ.

ಮಾವ: ಹೂಂ. 2023ರ ಬರ, ಆಮೇಲೆ ಬಿಳಿನೊಣ, ಕಪ್ಪುತಲೆ ಹುಳು. ಫಸಲು ಇಳಿದಿದ್ದಕ್ಕೇ ರೇಟು ಏರಿದ್ದು. ಕಡಿಮೆ ರೇಟಿಗೆ ಮಾರಿ ಖಾಲಿಯಾಗಿದ್ದ ಅಟ್ಟಕ್ಕೆ 25 ಸಾವಿರ ಬಂದು ಏನು ಮಾಡುತ್ತೆ? ಕಾದು ಉಳಿಸ್ಕೊಂಡಿದ್ದ ದೊಡ್ಡ ತೋಟದೋರು ಗೆದ್ದರು. ಮೊಣಕಾಲು ಬದಲಾಯಿಸ್ಕೊಂಡು ಬಂದೋರನ್ನ ನಾನೇ ನೋಡಿದೆ.

ವೈದ್ಯೆ: ಅವರಿಗೆ ಬೇಕಾಗಿದ್ರೆ ಮಾಡಿಸ್ಕೊಳ್ಳಲಿ. 2017ರ ಆಗಸ್ಟ್‌ನಲ್ಲಿ ಕೇಂದ್ರ ಮೊಣಕಾಲಿನ ಕೃತಕ ಕೀಲಿಗೆ ಬೆಲೆ ಮಿತಿ ಹಾಕಿದ ಮೇಲೆ ಅದು ಸ್ವಲ್ಪ ಕೈಗೆಟುಕೋ ಹಾಗೂ ಆಯ್ತು. ಜೇಬು ತುಂಬಿದ ವರ್ಷ ಬೇಡದ ಆಪರೇಷನ್ ಅಂಟಿಸೋರೂ ಇರ್ತಾರೆ, ಅದಕ್ಕೆ ಎರಡನೇ ವೈದ್ಯರನ್ನ ಕೇಳಿ ಅಂತ ಎಲ್ಲರಿಗೂ ಹೇಳ್ತೀನಿ. ನನ್ನ ಚಿಂತೆ ಬೇಕಾದೋರಿಗೆ ಆಗದೇ ಉಳಿಯೋದರದ್ದು. ಕೊಬ್ಬರಿ ಇನ್ನೊಮ್ಮೆ ಬೀಳುತ್ತೆ ಅಲ್ವಾ?

ಮಾವ: ಬೀಳದೇ ಇದ್ದ ದಶಕ ನಾನು ನೋಡಿಲ್ಲ. ಅದಕ್ಕೇ ನಾನೊಂದು ಹೇಳ್ತೀನಿ, ನೀನು ಸರಿಯೋ ತಪ್ಪೋ ಹೇಳು. ಯಶಸ್ವಿನಿ ಹಣ ಕಟ್ಟೋಕೆ ಸರ್ಕಾರ ಒಂದು ಅವಧಿ ಗೊತ್ತು ಮಾಡುತ್ತೆ. ಆ ಹೊತ್ತಿಗೆ ರೈತನ ಕೈಯಲ್ಲಿ ದುಡ್ಡಿರುತ್ತೆ ಅಂತ ಏನು ಖಾತ್ರಿ? ಅದರ ಬದಲು, ಅವನು ಕೊಬ್ಬರಿ ಮಾರಿದ ದಿನ, ಪಟ್ಟಿ ಆಗುವಾಗಲೇ, ಅವನು ಒಪ್ಪಿದ್ರೆ 500 ರೂಪಾಯಿ ಹಿಡಿದು ಸಂಘಕ್ಕೆ ಕಳಿಸೋ ಹಾಗಿರಬೇಕು. ಹಮಾಲಿ ಕೂಲಿ ಲೆಕ್ಕ ಹಾಕೋ ಹಾಗೆ. ಒಳ್ಳೇ ರೇಟಿನ ವರ್ಷ ಎರಡು ವರ್ಷದ್ದು ಒಟ್ಟಿಗೆ ಕಟ್ಟೋಕೂ ಅವಕಾಶ ಕೊಡಬೇಕು. ಆಗ ಬಿದ್ದ ವರ್ಷ ಕಾರ್ಡು ಜೀವಂತ ಇರುತ್ತೆ.

ವೈದ್ಯೆ: ಸರಿಯಾಗಿದೆ. ಆದ್ರೆ ಕಾರ್ಡು ಜೀವಂತ ಇದ್ರೆ ಸಾಲದು. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಇದ್ದು ಅರಿವಳಿಕೆಯೋರು ಇಲ್ಲದಿದ್ರೆ, ಇಬ್ಬರೂ ಇದ್ದು ರಕ್ತ ಇಲ್ಲದಿದ್ರೆ ಹರ್ನಿಯಾ ತುಮಕೂರಿಗೇ ಹೋಗಬೇಕು. ಜೊತೆಗೊಬ್ಬ, ಅವನ ಕೂಲಿ, ಬಸ್ಸು, ಊಟ. ಪುಕ್ಕಟೆ ಆಪರೇಷನ್ ಅಲ್ಲಿಗೆ ಪುಕ್ಕಟೆ ಅಲ್ಲ. ನೀವು ಮೊದಲು ಕೇಳಿದ್ರಲ್ಲ, ಹೆಂಗಸರು ಯಾಕೆ ಬರಲ್ಲ ಅಂತ. ಆ ಮೂರು ತಿಂಗಳ ಕೂಲಿಗೆ ಈ ಯಾವ ಯೋಜನೆಯಲ್ಲೂ ಒಂದು ರೂಪಾಯಿ ಇಲ್ಲ. ಹೆರಿಗೆಗೆ ಕೊಡೋ ಹಾಗೆ ಇದಕ್ಕೂ ಏನಾದ್ರೂ ಕೊಡದೆ ಅವರು ಬರಲ್ಲ.

ಮಾವ: ಸಂಘದ ಸಭೆಯಲ್ಲಿ ಎರಡನ್ನೂ ಎತ್ತಿಸ್ತೀನಿ. ಸೆಕ್ರೆಟರಿ ಮಾತು ಕೇಳ್ತಾನೆ.

ವೈದ್ಯೆ: ಸಭೆ ಆಗೋದರೊಳಗೆ ಇನ್ನೊಂದು ಕೆಲಸ ಇದೆ ಮಾವ. ಮುಂಗಡ ಕೇಳಿ, ಆಮೇಲೆ ಬೇಡ ಅಂತ ಹಿಂದೆ ಸರಿದೋರು ನಿಮಗೆ ಗೊತ್ತಿರ್ತಾರೆ. ಆಪರೇಷನ್ ಇನ್ನೂ ಬಾಕಿ ಇರೋರು.

ಮಾವ: ಹೆಸರು ಬರೆದು ಕೊಡೋಕೆ ಆಗಲ್ಲ ಕಣಮ್ಮ. ಮಂಡಿಯಲ್ಲಿ ಕಿವಿಗೆ ಬಿದ್ದಿದ್ದು ಹೊರಗೆ ಹೇಳೋದಿಲ್ಲ. ಅವರನ್ನೇ ಕಳಿಸ್ತೀನಿ.

ವೈದ್ಯೆ: ಅದೇ ಸರಿ. ಬೆಳಿಗ್ಗೆ ಒಂಬತ್ತಕ್ಕೆ ಹೊರರೋಗಿ ಚೀಟಿ ಮಾಡಿಸಲಿ. ಆಧಾರ್, ರೇಷನ್ ಕಾರ್ಡು, ಯಶಸ್ವಿನಿ ಕಾರ್ಡಿದ್ರೆ ಅದು, ಹಳೇ ಸ್ಕ್ಯಾನಿಂಗ್ ರಿಪೋರ್ಟು ಎಲ್ಲಾ ತರಲಿ. ಮಾತ್ರೆ ಯಾವುದು ತಗೋತಾರೆ ಅಂತ ಕವರ್ ಸಮೇತ ತರಲಿ. ಮತ್ತೆ, ಗಂಡಸರು ಬಂದ್ರೆ ಮನೆಯೋರನ್ನೂ ಕರ್ಕೊಂಡು ಬರಬೇಕು ಅಂತ ಹೇಳಿ. ಅವರನ್ನೂ ಅವತ್ತೇ ನೋಡ್ತೀವಿ.